ಬಾಣಂತಿ ಕೋಣೆಯ ಕಾಫಿ ಬ್ರಾಂದಿ

ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬರುವುದನ್ನು ನೀವು ನಂಬುವುದಿಲ್ಲ. ನನ್ನ ಕ್ಲಾಸಿನಲ್ಲಿ ಯಾರೂ ನಂಬಿಲ್ಲ. ಚನ್ನಪಟ್ಟಣದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಇದನ್ನೇ ಹೇಳುತ್ತಿದ್ದಾಗ ಕಂಡಕ್ಟರ್ ಟಿಕೆಟ್ ಕೊಡುವುದನ್ನು ಬಿಟ್ಟು ನಿಂತು ಕೇಳಿದ. ಮುಗಿದ ಮೇಲೆ, 'ರೀಲು ಬುಡಮ್ಮಿ, ಕೇಳಾಕೆ ಚೆನ್ನಾಗೈತೆ' ಎಂದು ಮುಂದಿನ ಸೀಟಿಗೆ ಹೋದ. ಅವನ ನಷ್ಟ. ಸೆಕೆಂಡ್ ಪಿಯುಸಿ ಓದುತ್ತಾ, ಒಂದು ತೊಟ್ಟನ್ನೂ ಬಾಯಿಗೆ ಹಾಕಿಕೊಳ್ಳದೆ, ಇಡೀ ಚನ್ನಪಟ್ಟಣ ತಾಲ್ಲೂಕಿನಲ್ಲಿ ಮೊಟ್ಟಮೊದಲು ಕಾಫಿ ಲಿಕ್ಯೂರ್ ತಯಾರಿಸಿದವಳು ನಾನು. ಅದೂ ನಮ್ಮ ಮನೆಯ ಬಾಣಂತಿ ಕೋಣೆಯಲ್ಲಿ, ಅಜ್ಜಿ ಬಾಗಿಲಲ್ಲಿ ಕಾವಲು ಕೂತಿದ್ದಾಗ.

ಲಿಕ್ಯೂರ್ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ನನಗೂ ಅದಕ್ಕೆ ಹಿಂದಿನ ವಾರದವರೆಗೆ ಗೊತ್ತಿರಲಿಲ್ಲ, ಆದರೆ ಅದನ್ನು ಇಲ್ಲಿ ಒತ್ತಿ ಹೇಳಬೇಕಾಗಿಲ್ಲ. ಮದ್ಯಕ್ಕೆ ಸಿಹಿ ಬೆರೆಸಿ, ಕಾಫಿಯದೋ ಹಣ್ಣಿನದೋ ಪರಿಮಳ ಕೂಡಿಸಿದರೆ ಅದು ಲಿಕ್ಯೂರ್. ದೊಡ್ಡ ಮನುಷ್ಯರು ಊಟವಾದ ಮೇಲೆ ಗುಬ್ಬಿ ನೀರು ಕುಡಿಯುವಷ್ಟು ಸಣ್ಣ ಗ್ಲಾಸಿನಲ್ಲಿ ಕುಡಿಯುತ್ತಾರಂತೆ. ಫೋನಿನಲ್ಲಿ ಒಬ್ಬ ಹೆಂಗಸು ನಮ್ಮ ಮನೆಗಿಂತ ದೊಡ್ಡದಾದ ಅಡುಗೆಮನೆಯಲ್ಲಿ ನಿಂತು ಅದನ್ನು ಮಾಡಿ ತೋರಿಸಿದಳು. ಅವಳ ಹತ್ತಿರ ಏನೇನೋ ಉಪಕರಣಗಳಿದ್ದವು. ನನ್ನ ಹತ್ತಿರ ತಲೆ ಇತ್ತು.

ಆದರೆ ಬ್ರಾಂದಿ ಎಲ್ಲಿಂದ ಬಂತು, ಅದು ಮೊದಲು ಬರಬೇಕು.

ನನ್ನ ಅಕ್ಕ ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ಹೆಣ್ಣು ಮಗು. ಹುಟ್ಟಿದ ದಿನದಿಂದಲೇ ಅದಕ್ಕೆ ನನ್ನ ಹಾಗೆ ದೊಡ್ಡ ಗಂಟಲು. ಮಗು ಮನೆಗೆ ಬಂದ ಕೂಡಲೇ ಅಪ್ಪನ ತಾಯಿ, ಎಂದರೆ ನಮ್ಮಜ್ಜಿ, ಮನೆಯ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಳು. ಬಾಣಂತಿ ತಣ್ಣೀರು ಮುಟ್ಟುವಂತಿಲ್ಲ. ಕಿವಿಗೆ ಬಟ್ಟೆ ಕಟ್ಟದೆ ಕೂರುವಂತಿಲ್ಲ. ಕಾಫಿ ಕೂಡದು. ಅನ್ನಕ್ಕೆ ಮೆಣಸಿನ ಸಾರು ಬಿಟ್ಟು ಬೇರೆ ಏನೂ ಇಲ್ಲ. ಐದು ತಿಂಗಳು ಹೊಸಿಲು ದಾಟುವ ಮಾತೇ ಇಲ್ಲ.

ತೊಂದರೆ ಶುರುವಾದದ್ದು ಆ ಐದು ತಿಂಗಳಿನಿಂದ. ಅಕ್ಕನಿಗೆ ಬಿ.ಎಡ್ ಕೊನೆಯ ಪರೀಕ್ಷೆ ಇತ್ತು, ಮಗುವಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ, ರಾಮನಗರದಲ್ಲಿ. ಹಿಂದಿನ ಸಲ ಬಸುರಿ ವಾಂತಿಯಲ್ಲಿ ಮಲಗಿಬಿಟ್ಟದ್ದರಿಂದ ಅದು ತಪ್ಪಿಹೋಗಿತ್ತು. ಗಂಡನ ಮನೆ ಮಾಗಡಿಯ ಕಡೆ. ಅಲ್ಲಿಯ ಒಂದು ಶಾಲೆಯವರು ಅವಳಿಗಾಗಿ ಒಂದು ಜಾಗ ಖಾಲಿ ಇಟ್ಟುಕೊಂಡು ಕಾಯುತ್ತಿದ್ದರು, ಈ ಸಲವೂ ಬರೆಯದಿದ್ದರೆ ಬೇರೆಯವರನ್ನು ಕರೆಯುತ್ತೇವೆ ಎಂದೂ ಹೇಳಿದ್ದರು. ಅಕ್ಕ ಮೂರು ಹೊತ್ತೂ ಅದೇ ಚಿಂತೆಯಲ್ಲಿದ್ದಳು. ಅಜ್ಜಿಯನ್ನು ಕೇಳುವ ಧೈರ್ಯ ಮಾಡಲು ಅವಳಿಗೆ ಎರಡು ವಾರ ಹಿಡಿಯಿತು.

'ಪರೀಕ್ಷೆ ಎಲ್ಲೂ ಓಡೋಗಾಕಿಲ್ಲ' ಎಂದಳು ಅಜ್ಜಿ. 'ಸೊಂಟ ಓಯ್ತು ಅಂದ್ರೆ ತಿರ್ಗಾ ಬರಾಕಿಲ್ಲ.'

'ಅಜ್ಜಿ, ಕಾರಲ್ಲಿ ಹೋಗಿ ಕಾರಲ್ಲಿ ಬತ್ತೀನಿ. ಕೂತ್ಕಂಡು ಬರೆಯಾದು ಅಷ್ಟೇ.'

'ಕೂತ್ಕಂಡ್ರೇ ಕಣಮ್ಮಿ ಸೊಂಟ ಓಗಾದು.'

ಅಕ್ಕ ಅತ್ತಳು. ಅವಳನ್ನು ನೋಡಿ ಮಗು ಅತ್ತಿತು. ಮಗು ಅತ್ತದ್ದಕ್ಕೆ ಹೊರಗೆ ಕಟ್ಟಿದ್ದ ಎಮ್ಮೆ ಕೂಗಿತು. ಅಜ್ಜಿ ಮೂರನ್ನೂ ತಡೆದುಕೊಂಡು ಎಲೆಗೆ ಸುಣ್ಣ ಹಚ್ಚಿದಳು, ಕಡ್ಡಿಪುಡಿ ಬಾಯಿಗೆ ಹಾಕಿಕೊಂಡಳು, ಆಮೇಲೆ ತೀರ್ಪು ಕೊಟ್ಟಳು.

'ಒಂದು ಮಾತು. ಬಾಣಂತಿ ಬ್ರಾಂದಿ ದಿನಾ ತಪ್ಪದಂಗೆ ಕುಡೀಬೇಕು. ಬಾಟ್ಲಿ ತಳ ಕಂಡ ದಿನ ನಿನ್ ಸೊಂಟ ಗಟ್ಟಿ ಆಯ್ತು ಅಂತ ತಿಳ್ಕತೀನಿ. ಆಮ್ಯಾಕೆ ಪರೀಕ್ಷೆಗಾದ್ರೂ ಓಗು, ಪರಪಂಚಕ್ಕಾದ್ರೂ ಓಗು.'

ನಮ್ಮ ಕಡೆ ಬಾಣಂತಿಗೆ ಒಸಿ ಬ್ರಾಂದಿ ಕೊಡುವುದು ಹೊಸದಲ್ಲ. ಮೈ ಬೆಚ್ಚಗಿರುತ್ತದೆ, ನೋವು ಎಳೆದುಕೊಳ್ಳುತ್ತದೆ ಎಂದು ಹಿರಿಯರ ಲೆಕ್ಕ. ವಿಚಿತ್ರವೆಂದರೆ ವರ್ಷದ ಉಳಿದ ದಿನಗಳಲ್ಲಿ ಆ ಹೆಸರು ಎತ್ತಿದವರನ್ನು ಇದೇ ಅಜ್ಜಿ ಜಗಲಿ ಹತ್ತಿಸುವುದಿಲ್ಲ. ಅವಳು ಸೊಸೆಯರಿಗೆಲ್ಲ ಕೊಟ್ಟವಳು, ತಾನು ಒಮ್ಮೆಯೂ ಕುಡಿದವಳಲ್ಲ. 'ನಮ್ ಕಾಲದಾಗೆ ಯಾರ್ ಕೊಡೋರು, ಮೆಣಸು ಶುಂಠಿ ಕೊಟ್ರೆ ಅದೇ ಪುಣ್ಯ' ಎನ್ನುತ್ತಾಳೆ.

ಬಾಟಲಿ ತರುವ ಕೆಲಸ ಅಪ್ಪನಿಗೆ ಬಂತು. ಅಪ್ಪ ವೈನ್ ಶಾಪ್ ಮುಂದೆ ಹಾದುಹೋಗುವಾಗಲೂ ರಸ್ತೆಯ ಆ ಬದಿಗೆ ದಾಟಿಕೊಳ್ಳುವ ಮನುಷ್ಯ. ಚನ್ನಪಟ್ಟಣದಲ್ಲಿ ಕೊಂಡರೆ ಯಾರಾದರೂ ನೋಡುತ್ತಾರೆ ಎಂದು ರಾಮನಗರಕ್ಕೆ ಹೋದ. ಅಲ್ಲೂ ಗುರುತು ಹಿಡಿದಾರು ಎಂದು ಹೆಲ್ಮೆಟ್ ಹಾಕಿಕೊಂಡೇ ಅಂಗಡಿಯೊಳಗೆ ನಿಂತ. ಅವನು ಹೋದದ್ದು ಬಸ್ಸಿನಲ್ಲಿ. ಊರಿನ ಸ್ಟಾಪಿನಲ್ಲಿ ಹೆಲ್ಮೆಟ್ ಹಿಡಿದುಕೊಂಡು ಬಸ್ಸಿನಿಂದ ಇಳಿದವನನ್ನು ನೋಡಿ, ಅದುವರೆಗೆ ತಲೆ ಎತ್ತದೆ ಕೂತಿದ್ದವರೂ ಎದ್ದು ನಿಂತು, 'ಗಾಡಿ ಎಲ್ಲಿ ಗೌಡ್ರೆ' ಎಂದು ಕೇಳಿದರಂತೆ. ಹೀಗೆ ಗುಟ್ಟಾಗಿ ಬಂದ ಬಾಟಲಿಯ ವಿಷಯ ಸಂಜೆಯ ಹೊತ್ತಿಗೆ ಹೊಂಗನೂರಿನವರೆಗೂ ತಲುಪಿತ್ತು.

ಇನ್ನೇನು, ಕುಡಿದರೆ ಮುಗಿಯಿತು ಎಂದುಕೊಂಡಿರಾ. ಬಾಟಲಿಯ ಮುಚ್ಚಳ ತೆಗೆಯುವ ಮುಂಚೆಯೇ, ಅಜ್ಜಿ ಹೊಸಿಲು ದಾಟಲು ಬಿಟ್ಟ ಒಂದೇ ಒಂದು ಕೆಲಸಕ್ಕೆ, ಎಂದರೆ ಮಗುವಿಗೆ ಚುಚ್ಚುಮದ್ದು ಹಾಕಿಸಲು ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಅಕ್ಕನ ಮುಖ ನೋಡಿಯೇ ಕೇಳಿದರು. 'ಮನೇಲಿ ಬ್ರಾಂದಿ ಗೀಂದಿ ಕೊಡ್ತಿದಾರಾ? ಹಾಲು ಕುಡಿಸೋ ತಾಯಿ ಒಂದು ತೊಟ್ಟೂ ಮುಟ್ಟಬಾರದು, ಮಗೂಗೆ ಹೋಗುತ್ತೆ.' ಅಕ್ಕ ಮಗುವಿನ ತಲೆ ಮುಟ್ಟಿ ಮಾತು ಕೊಟ್ಟು ಬಂದಳು. ಡಾಕ್ಟರ ಮಾತನ್ನು ಅಜ್ಜಿಯ ಮುಂದೆ ಇಟ್ಟರೆ ಏನಾಗುತ್ತದೆ ಎಂಬುದು ನಮ್ಮ ಎಮ್ಮೆಗೂ ಗೊತ್ತು. 'ಆ ಡಾಕ್ಟರಮ್ಮ ಎಷ್ಟು ಮಕ್ಳು ಎತ್ತವ್ಳಂತೆ?' ಎಂದು ಕೇಳುತ್ತಾಳೆ, ಐದು ತಿಂಗಳನ್ನು ಏಳು ಮಾಡುತ್ತಾಳೆ.

ಆವತ್ತು ಅಕ್ಕ ಕಂಬಳಿಯೊಳಗಿಂದ ನನ್ನ ಕೈ ಹಿಡಿದುಕೊಂಡಳು.

'ಬಾಟ್ಲಿ ಖಾಲಿ ಆಗ್ಬೇಕು. ನಾನು ಕುಡೀಬಾರ್ದು. ನೀನೇ ಏನಾದ್ರೂ ಮಾಡು.'

'ಏನ್ ಕೊಡ್ತೀಯ?'

'ಪರೀಕ್ಷೆ ಬರೆದು ಕೆಲ್ಸ ಸಿಕ್ಕಿದ್ರೆ ಮೊದಲ್ನೇ ಸಂಬಳದಾಗೆ ನಿಂಗೇನ್ ಬೇಕೋ ಅದು. ಸಿಗ್ದೆ ಹೋದ್ರೆ ಈ ಮಗೂನ ನೀನೇ ಸಾಕು.'

ಮಗುವಿನ ಗಂಟಲು ನೆನಪಾಗಿ ತಕ್ಷಣ ಒಪ್ಪಿಕೊಂಡೆ.

ಕೆಲಸ ಬಹಳ ಸುಲಭವಾಗಿತ್ತು. ದಿನಾ ಬೆಳಗ್ಗೆ ಮಗುವಿಗೂ ಅಕ್ಕನಿಗೂ ನೀರು ಹಾಕಿದ ಮೇಲೆ ಅಜ್ಜಿ ಬೀರುವಿನಿಂದ ಬಾಟಲಿ ತೆಗೆಯುತ್ತಿದ್ದಳು. ಸೆರಗಿನಿಂದ ಮೂಗು ಬಿಗಿಯಾಗಿ ಮುಚ್ಚಿಕೊಂಡು, ಮುಖ ಆ ಕಡೆ ತಿರುಗಿಸಿ, ಸತ್ತ ಹಾವನ್ನು ಎತ್ತುವ ಹಾಗೆ ಎರಡು ಬೆರಳಲ್ಲಿ ಹಿಡಿದು, ಬೆಳ್ಳಿಯ ಪುಟ್ಟ ಲೋಟಕ್ಕೆ ಸುರಿಯುತ್ತಿದ್ದಳು. ಗಂಡಸರು ಯಾರಾದರೂ ಬಾಯಿ ಹಾಕಿದರೆ ಗೊತ್ತಾಗಲಿ ಎಂದು ಉಳಿದ ಮಟ್ಟಕ್ಕೆ ಬಾಟಲಿಯ ಮೇಲೆ ಸುಣ್ಣದ ಬೊಟ್ಟು ಇಡುತ್ತಿದ್ದಳು. ಆಮೇಲೆ ಲೋಟವನ್ನು ನನ್ನ ಕೈಗೆ ಕೊಟ್ಟು ಕೋಣೆಗೆ ಕಳಿಸುತ್ತಿದ್ದಳು. ಹೆಂಗಸು ಕುಡಿಯುವುದನ್ನು ನೋಡಿದರೆ ದೃಷ್ಟಿಯಾಗುತ್ತದೆ ಎಂದು ತಾನು ಹೊರಗೇ ನಿಲ್ಲುತ್ತಿದ್ದಳು.

'ಕುಡುದ್ಲಾ?'

'ಕುಡೀತಾವ್ಳೆ ಅಜ್ಜಿ. ಮುಖ ಕಿವುಚ್ಕಂಡು ಕುಡೀತಾವ್ಳೆ.'

ಅಕ್ಕ ಒಳಗಿನಿಂದ ಕೆಮ್ಮುತ್ತಿದ್ದಳು. ಮೊದಮೊದಲು ಸುಮಾರಾಗಿ ಕೆಮ್ಮುತ್ತಿದ್ದವಳು ನನ್ನ ಕೋಚಿಂಗಿನಿಂದ ಬೇಗ ಸುಧಾರಿಸಿದಳು. ಕೊನೆಕೊನೆಗೆ ಆ ಕೆಮ್ಮಿಗೆ ಕಣ್ಣೀರೂ ಬರುತ್ತಿತ್ತು.

ಲೋಟದಲ್ಲಿದ್ದುದನ್ನು ಬಚ್ಚಲಿಗೆ ಸುರಿ ಎಂದಿದ್ದಳು ಅಕ್ಕ. ಮೊದಲ ದಿನ ಸುರಿಯಲು ಹೋದೆ. ಕೈ ಬರಲಿಲ್ಲ. ಅಪ್ಪ ಹೆಲ್ಮೆಟ್ ಹಾಕಿಕೊಂಡು ಪಟ್ಟ ಕಷ್ಟ ಬಚ್ಚಲು ಪಾಲಾಗುವುದೇ ಎಂದು ಕರುಳು ಚುರ್ ಎಂದಿತು. ನಿಜ ಹೇಳಬೇಕೆಂದರೆ ಅದಕ್ಕಿಂತ ಹಿಂದಿನ ದಿನವಷ್ಟೇ ಆ ವಿಡಿಯೋ ನೋಡಿದ್ದೆ. ಕ್ಲಾಸಿನಲ್ಲಿ ಒಬ್ಬಳು ತಾನು ಕೇಕ್ ಮಾಡಿದ ಫೋಟೋ ಹಾಕಿ ವಾರವಿಡೀ ಮೆರೆಯುತ್ತಿದ್ದಳು. ಕೇಕು. ಅದು ಯಾವ ದೊಡ್ಡ ವಿದ್ಯೆ.

ಅಡಗಿಸಿಡಲು ಜಾಗ ಬೇಕಾಗಿತ್ತು. ಮನೆಯಲ್ಲಿ ಬೇರೆಲ್ಲಿ ಇಟ್ಟರೂ ಅಮ್ಮನ ಮೂಗು ಹಿಡಿಯುತ್ತಿತ್ತು. ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಹುಳಕ್ಕೆ ಗಾಟು ವಾಸನೆ ಆಗುವುದಿಲ್ಲ. ಯಾರಾದರೂ ಬೀಡಿ ಸೇದಿ ಬಂದರೂ ಅಮ್ಮ ಹುಳದ ಮನೆಯ ಬಾಗಿಲಲ್ಲೇ ತಡೆದು, ಎಷ್ಟು ಬೀಡಿ ಎಂದೂ ಹೇಳಿಬಿಡುತ್ತಾಳೆ. ಹಾಗಾಗಿ ನಾನು ಬಾಣಂತಿ ಕೋಣೆಯನ್ನೇ ಆರಿಸಿಕೊಂಡೆ. ಸಾಂಬ್ರಾಣಿ ಹೊಗೆ, ಬಜೆ, ಬೆಳ್ಳುಳ್ಳಿ, ಹರಳೆಣ್ಣೆ, ಮಗುವಿನ ಬಟ್ಟೆ, ಇಷ್ಟೂ ಸೇರಿದ ಆ ಕೋಣೆಯಲ್ಲಿ ಒಂದು ಬ್ರಾಂದಿ ಅಂಗಡಿಯನ್ನೇ ತೆರೆದರೂ ಗೊತ್ತಾಗುತ್ತಿರಲಿಲ್ಲ. ಜೊತೆಗೆ ಹುಳ ಆಗ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಜ್ವರ ಎಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಮುಂಚೆ ಹುಳ ಮಿಸುಕದೆ ಕೂರುವುದು. ಎದ್ದ ಮೇಲೆ ಹಗಲು ರಾತ್ರಿ ತಿನ್ನುತ್ತವೆ. ಆ ದಿನಗಳಲ್ಲಿ ಅಮ್ಮ ಹುಳದ ಮನೆ ಬಿಟ್ಟು ಬರುತ್ತಿರಲಿಲ್ಲ. ಬಾಣಂತಿ ಕೋಣೆಯ ವಾಸನೆ ಸೀರೆಗೆ ಹತ್ತೀತು ಎಂದು ಮೊಮ್ಮಗಳನ್ನು ಕಿಟಕಿಯಿಂದಲೇ ಮಾತಾಡಿಸಿ ಹೋಗುತ್ತಿದ್ದಳು.

ಮಂಚದ ತಲೆಯ ಹತ್ತಿರ ಗೋಡೆಗೂಡಿನಲ್ಲಿ ಒಂದು ಖಾಲಿ ಉಪ್ಪಿನಕಾಯಿ ಜಾಡಿ ಇತ್ತು. ನನ್ನ ಕಾರ್ಖಾನೆ ಅದೇ.

ಮೊದಲ ಪ್ರಯತ್ನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೇರಿದ್ದ ಬ್ರಾಂದಿಗೆ ಕಾಫಿಪುಡಿಯನ್ನೇ ನೇರ ಸುರಿದೆ. ನಮ್ಮ ಮನೆಯ ಪುಡಿಯಲ್ಲಿ ಕಾಫಿಗಿಂತ ಚಿಕೋರಿಯದೇ ದರ್ಬಾರು. ಮಾರನೆಯ ದಿನ ನೋಡಿದರೆ ಕೆರೆ ಬತ್ತಿದ ಮೇಲೆ ತಳದಲ್ಲಿ ಉಳಿಯುತ್ತದಲ್ಲ, ಆ ಗೋಡು. ಅದನ್ನು ಸೋಸಬೇಕಿತ್ತು. ಬೇರೆ ಊರಿನವರು ಕಾಗದದಲ್ಲಿ ಸೋಸುತ್ತಾರಂತೆ. ರಾಮನಗರ ಜಿಲ್ಲೆಯವಳು ನಾನು, ರೇಷ್ಮೆಯಲ್ಲಿ ಸೋಸಿದೆ. ಅಮ್ಮನ ಮದುವೆ ಸೀರೆಯ ರವಿಕೆ ಕಣ ಟ್ರಂಕಿನಲ್ಲಿ ಸುಮ್ಮನೆ ಬಿದ್ದಿತ್ತು. ಆ ಬಟ್ಟೆ ಈಗ ಕಂದು ಬಣ್ಣದ್ದು, ಮೊದಲು ಗಿಳಿಹಸಿರು. ಅಮ್ಮನಿಗೆ ಇನ್ನೂ ಗೊತ್ತಿಲ್ಲ. ಈ ಸಾಲು ಓದುವವರು ದಯವಿಟ್ಟು ಹೇಳಬೇಡಿ.

ಎರಡನೆಯ ಸಲ ಕ್ರಮವಾಗಿ ಮಾಡಿದೆ. ಸ್ಟೀಲ್ ಫಿಲ್ಟರಿನಲ್ಲಿ ಪುಡಿ ಒತ್ತಿ, ಮೊದಲ ಡಿಕಾಕ್ಷನ್ ಮಾತ್ರ ಇಳಿಸಿ ಆರಲು ಬಿಟ್ಟೆ. ವಿಡಿಯೋ ಹೆಂಗಸು ಸಕ್ಕರೆ ಎಂದಿದ್ದಳು. ಸಕ್ಕರೆ ಡಬ್ಬ ಅಡುಗೆಮನೆಯಲ್ಲಿ, ಕಡಿಮೆಯಾದರೆ ಗೊತ್ತಾಗುತ್ತದೆ. ಬೆಲ್ಲಕ್ಕೆ ಬಾಣಂತಿ ಮನೆಯಲ್ಲಿ ಬರವೇ ಇಲ್ಲ. ಬಚ್ಚಲಿನ ಹಂಡೆ ಒಲೆಯ ಕೆಂಡದ ಮೇಲೆ ಬೆಲ್ಲದ ಪಾಕ ಮಾಡಿ, ತಣ್ಣಗಾದ ಮೇಲೆ ಬೆರೆಸಿದೆ. ವೆನಿಲಾ ಎಂದಿದ್ದಳು. ವೆನಿಲಾಗೆ ನಾನೆಲ್ಲಿ ಹೋಗಲಿ? ಅಕ್ಕನ ಔಷಧಿ ತಟ್ಟೆಯಲ್ಲಿ ಲವಂಗ, ಒಣಶುಂಠಿ, ಹಿಪ್ಪಲಿ ಇದ್ದವು, ಅವನ್ನೇ ಜಜ್ಜಿ ಹಾಕಿದೆ. ಜಾಡಿ ಎಷ್ಟು ತೊಳೆದಿದ್ದರೂ ಹಿಂದಿನ ನಿಂಬೆ ಉಪ್ಪಿನಕಾಯಿಯ ಒಂದು ಎಳೆ ಉಳಿದಿತ್ತು. ಅದನ್ನು ನಾನು ದೋಷ ಎನ್ನುವುದಿಲ್ಲ. ಅದು ನನ್ನ ಮುದ್ರೆ.

ದಿನ ಕಳೆದಂತೆ ಬಾಟಲಿ ಇಳಿಯಿತು, ಜಾಡಿ ಏರಿತು. ಅಜ್ಜಿ ಬಂದವರಿಗೆಲ್ಲ ಅಕ್ಕನ ಗಲ್ಲ ಹಿಡಿದು ತೋರಿಸುತ್ತಿದ್ದಳು. 'ನೋಡವ್ವ, ಬ್ರಾಂದಿ ಎಂಗ್ ಕೆಲಸ ಮಾಡೈತೆ. ಬಂದಾಗ ಕಡ್ಡಿ ಆಗಿದ್ಲು. ಈಗ ನೋಡು, ಮುಖ ಎಂಗೆ ತುಂಬ್ಕಂಡೈತೆ.' ಅಕ್ಕ ತುಂಬಿಕೊಂಡಿದ್ದು ತುಪ್ಪದಲ್ಲಿ. ಆದರೂ ತಲೆ ಬಗ್ಗಿಸಿ ಬ್ರಾಂದಿ ಕುಡಿದವಳ ಹಾಗೆ ನಾಚಿಕೊಳ್ಳುತ್ತಿದ್ದಳು.

ಸಂಜೆ ಅಜ್ಜಿ ದೀಪ ಹಚ್ಚಲು ಹೋದಾಗ ಅಕ್ಕ, 'ಜಾಡಿ ಕೊಡು' ಎನ್ನುತ್ತಿದ್ದಳು. ಕಾಫಿ ಇಲ್ಲದೆ ಹಲ್ಲೂ ಉಜ್ಜದ ಹುಡುಗಿ ಅವಳು. ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಒಂದೇ ಒಂದು ಸಲ ಉದ್ದಕ್ಕೆ ಉಸಿರು ಎಳೆದುಕೊಂಡು ಮತ್ತೆ ಮುಚ್ಚಿ ಕೊಡುತ್ತಿದ್ದಳು. ಆಮೇಲೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಮನಃಶಾಸ್ತ್ರದ ಪಾಠ ಬಾಯಲ್ಲೇ ಒಪ್ಪಿಸುತ್ತಿದ್ದಳು. ಕೂಸು ಮಿಟಿಮಿಟಿ ನೋಡುತ್ತಾ ಕೇಳುತ್ತಿತ್ತು. ಆ ಪರೀಕ್ಷೆಯನ್ನು ಕೂಸೇ ಬರೆದರೂ ಪಾಸಾಗುತ್ತಿತ್ತು.

ಪರೀಕ್ಷೆಗೆ ಇನ್ನು ಸ್ವಲ್ಪವೇ ದಿನ ಉಳಿದಿದ್ದಾಗ ಬಾಟಲಿಯಲ್ಲಿ ಎರಡು ಬೆರಳಿನಷ್ಟು ಬ್ರಾಂದಿ ಇತ್ತು. ನಮ್ಮ ಗೆಲುವು ಅಷ್ಟು ಹತ್ತಿರ. ಆಗಲೇ ಅಜ್ಜಿ, ಮಗುವಿನ ಕಾಡಿಗೆ ಡಬ್ಬಿ ಹುಡುಕುತ್ತಾ, ಗೋಡೆಗೂಡಿಗೆ ಕೈ ಹಾಕಿದಳು.

'ಇದೇನಮ್ಮಿ ಜಾಡಿಯಾಗೆ? ಕರ್ರಗೈತೆ.'

ಅಕ್ಕ ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡಳು. ನಾನು ಹೆದರಲಿಲ್ಲ. ಇಂಥ ಹೊತ್ತಿನಲ್ಲೇ ನನ್ನ ತಲೆ ಚೆನ್ನಾಗಿ ಓಡುವುದು.

'ಕಷಾಯ ಅಜ್ಜಿ. ಅಕ್ಕನ ಅತ್ತೆ ಬಂದಾಗ ತಂದುಕೊಟ್ರಲ್ಲ.'

ಮೊನ್ನೆ ಅಕ್ಕನ ಅತ್ತೆ ಮಾಗಡಿಯಿಂದ ಬಂದು ಅಂಟಿನುಂಡೆ, ಕೊಬ್ಬರಿ, ಉಣ್ಣೆ ಟೋಪಿ ಎಲ್ಲ ಕೊಟ್ಟು ಹೋಗಿದ್ದರು, ಆದ್ದರಿಂದ ನನ್ನ ಮಾತಿಗೆ ಆಧಾರವಿತ್ತು. ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದು ಒಂದೇ. ಬೀಗಿತ್ತಿ ತಂದದ್ದು ಎಂದರೆ ಅಜ್ಜಿ ಅದರಲ್ಲಿ ತಪ್ಪು ಹುಡುಕದೆ ಬಿಡುವುದಿಲ್ಲ.

'ಕಷಾಯವಾ? ನಾನೇನ್ ಸತ್ತೋಗಿದ್ನಾ ಕಷಾಯ ಮಾಡಾಕೆ? ತಾ ಒಂದು ಚಮ್ಚ.'

ಅಜ್ಜಿಯ ನಾಲಿಗೆ ಮೇಲೆ ಜೀವಮಾನದ ಕಡ್ಡಿಪುಡಿ ಕೂತಿದೆ. ಅವಳಿಗೆ ಉಪ್ಪು ತಿಳಿಯುವುದೇ ಅರ್ಧ ಊಟವಾದ ಮೇಲೆ. ಒಂದು ಚಮಚ ಬಾಯಿಗೆ ಹಾಕಿಕೊಂಡು ಮೇಲೆ ನೋಡಿದಳು, ಕೆಳಗೆ ನೋಡಿದಳು.

'ಬೆಲ್ಲ ಜಾಸ್ತಿ ಆಗೈತೆ' ಎಂದಳು. ಸ್ವಲ್ಪ ಹೊತ್ತು ಬಿಟ್ಟು, 'ಜಾಸ್ತಿಯಾ ಇಲ್ವಾ ಇನ್ನೊಂದ್ ದಪ ನೋಡ್ತೀನಿ' ಎಂದಳು. ಎರಡನೆಯ ಚಮಚದಲ್ಲಿ ಬೆಲ್ಲ ಸರಿಯಾಗಿತ್ತು, ಶುಂಠಿ ಕಡಿಮೆಯಾಗಿತ್ತು. ಅದನ್ನು ಖಾತ್ರಿ ಮಾಡಿಕೊಳ್ಳಲು ಮೂರನೆಯದು ಬೇಕಾಯಿತು. ಮೂರನೆಯದಾದ ಮೇಲೆ ಇದು ಒಬ್ಬಳೇ ತೀರ್ಮಾನ ಮಾಡುವ ವಿಷಯವಲ್ಲ ಎಂದು ಅವಳಿಗೆ ಅನ್ನಿಸಿತು. ಮಗುವಿಗೆ ನೀರು ಹಾಕಲು ದಿನಾ ಬರುವ ಇನ್ನೊಬ್ಬ ಅಜ್ಜಿ ಆಗಷ್ಟೇ ಕೆಲಸ ಮುಗಿಸಿ ಹಿತ್ತಲಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು, ಅವಳನ್ನು ಕರೆದಳು. ಬೇಲಿಯಾಚೆಯಿಂದ ಮೊಣಕಾಲು ನೋವಿನ ಪಕ್ಕದಮನೆ ಅಜ್ಜಿಯನ್ನೂ ಕರೆದಳು.

ಹೀಗೆ ಮೂವರು ನ್ಯಾಯಾಧೀಶರು ಬಾಣಂತಿ ಮಂಚದ ಮುಂದೆ ಚಾಪೆಯ ಮೇಲೆ ಕೂತರು. ನಡುವೆ ಜಾಡಿ. ನಾನು ಬಡಿಸುವವಳು.

ಹಳೆಯ ಔಷಧಿಗಳ ವಿಷಯದಲ್ಲಿ ನೀರು ಹಾಕುವ ಅಜ್ಜಿ ಹೇಳಿದ್ದೇ ಕೊನೆ. ಅವಳು ಬಾಯಲ್ಲಿ ಇಟ್ಟುಕೊಂಡು ಮುಕ್ಕಳಿಸಿ ನುಂಗಿದಳು.

'ಹಿಪ್ಪಲಿ ಐತೆ. ಲವಂಗ ಐತೆ. ಹಿಂದ್ಗಡೆ ಒಂದು ಕಹಿ ಬತ್ತದೆ ನೋಡು, ಅದು ನೆಲಬೇವು.'

'ನೆಲಬೇವಲ್ಲ, ಅಮೃತಬಳ್ಳಿ' ಎಂದಳು ಪಕ್ಕದಮನೆ ಅಜ್ಜಿ.

'ಅಮೃತಬಳ್ಳಿ ನಿಂಗೇನ್ ಗೊತ್ತು, ಸುಮ್ಕಿರು. ಕೂಸೆ, ಇನ್ನೊಂದ್ ಒಸಿ ಆಕು, ಈಯಮ್ಮಂಗೆ ತಿಳಿಸ್ತೀನಿ.'

ಅದು ಬಾಬಾಬುಡನ್‌ಗಿರಿಯ ಗಿಡದ ಬೀಜ, ಜೊತೆಗೆ ಚಿಕೋರಿ ಬೇರು ಎಂದು ನನಗೊಬ್ಬಳಿಗೇ ಗೊತ್ತಿತ್ತು. ಹೇಳಲಿಲ್ಲ. ಹಿರಿಯರು ಮಾತಾಡುವಾಗ ಚಿಕ್ಕವರು ನಡುವೆ ಬಾಯಿ ಹಾಕಬಾರದು.

ನೆಲಬೇವಿಗೂ ಅಮೃತಬಳ್ಳಿಗೂ ತೀರ್ಮಾನವಾಗುವ ಹೊತ್ತಿಗೆ ಜಾಡಿ ಕಾಲುಭಾಗ ಇಳಿದಿತ್ತು. ಪಕ್ಕದಮನೆ ಅಜ್ಜಿ ಕಾಲು ಚಾಚಿ ತನ್ನ ಮೊಣಕಾಲನ್ನೇ ಬೇರೆ ಯಾರದೋ ಎಂಬಂತೆ ನೋಡತೊಡಗಿದಳು. 'ಲೇ, ನೋವಿಲ್ಲ ಕಣೆ. ಎಲ್ ಓಯ್ತು?' ಎಂದಳು. ನೀರು ಹಾಕುವ ಅಜ್ಜಿ ಸೋಬಾನೆ ಶುರು ಮಾಡಿದಳು. ಮಗು ಮಲಗಿತ್ತಾದ್ದರಿಂದ ಮೆಲ್ಲಗೆ ಹಾಡುತ್ತೇನೆ ಎಂದುಕೊಂಡೇ ಶುರು ಮಾಡಿದ್ದು, ಎರಡನೆಯ ಸಾಲಿಗೆ ಹಿತ್ತಲಿನ ಕೋಳಿಗಳು ಬೇಲಿ ಹಾರಿದವು. ನಮ್ಮಜ್ಜಿ ನಗತೊಡಗಿದಳು. ನಾನು ಹುಟ್ಟಿದಾಗಿನಿಂದ ಅವಳು ಹಲ್ಲು ತೋರಿಸಿ ನಕ್ಕದ್ದನ್ನು ನೋಡಿರಲಿಲ್ಲ. ಹಲ್ಲು ಎಷ್ಟು ಕಡಿಮೆ ಇವೆ ಎಂದು ಆವತ್ತು ಗೊತ್ತಾಯಿತು.

ಅಕ್ಕ ಮಾತ್ರ ನಗುತ್ತಿರಲಿಲ್ಲ. 'ಜಾಡಿ ಎತ್ತಿಡೆ' ಎಂದು ತುಟಿ ಮಾತ್ರ ಅಲ್ಲಾಡಿಸಿ ಹೇಳುತ್ತಿದ್ದಳು. 'ಇವ್ರಿಗೆ ಗೊತ್ತಾದ್ರೆ ನನ್ ಪರೀಕ್ಷೆ ಓಯ್ತು.'

ಎತ್ತಿಡಲು ಕೈ ಚಾಚಿದೆ. ಅಜ್ಜಿ ನನ್ನ ಕೈಗೆ ಪಟ್ಟೆಂದು ಹೊಡೆದಳು.

'ತೆಗೀಬ್ಯಾಡ. ಫೋನ್ ಆಕು ಬೀಗಿತ್ತಿಗೆ.'

'ಯಾಕಜ್ಜಿ?'

'ಯಾಕಂದ್ರೆ? ಒಳ್ಳೇದನ್ನ ಒಳ್ಳೇದು ಅನ್ನಬೇಕು. ಇಷ್ಟು ದಿನ ಆಯಮ್ಮನ ಕೈಲಿ ಏನೂ ಬರಾಕಿಲ್ಲ ಅನ್ಕಂಡಿದ್ದೆ. ಇದು ಮಾಡಾದ್ ಎಂಗೆ ಅಂತ ಕೇಳ್ಬೇಕು.'

ನೆಟ್‌ವರ್ಕ್ ಇಲ್ಲ ಎಂದೆ. ಅಜ್ಜಿ ಸೊಂಟದಿಂದ ತನ್ನ ಬಟನ್ ಫೋನ್ ತೆಗೆದಳು. ಆ ಫೋನಿಗೆ ನಮ್ಮೂರಿನ ಬಾವಿಯೊಳಗೂ ನೆಟ್‌ವರ್ಕ್ ಸಿಗುತ್ತದೆ. ಬೇರೆ ದಾರಿಯಿಲ್ಲದೆ ನಾನೇ ನಂಬರ್ ಒತ್ತಿದೆ. ಸ್ಪೀಕರ್ ಹಾಕು ಎಂದಳು, ಹಾಕಿದೆ. ಅಕ್ಕ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡಳು.

'ಬೀಗ್ರೇ, ಚೆನ್ನಾಗಿದ್ದೀರಾ? ನಿಮ್ ಕಷಾಯ ಕುಡುದ್ವಿ ಕಣವ್ವ.'

ಕಟ್ ಮಾಡಲು ಕೆಂಪು ಗುಂಡಿಯ ಮೇಲೆ ಬೆರಳಿಟ್ಟೆ. ಯಾವ ಕಷಾಯ ಎಂದು ಕೇಳಿದರೆ ಮುಗಿಯಿತು.

'ಹೂಂ ಕಣವ್ವ' ಎಂದಿತು ಆ ಧ್ವನಿ, ನಿಧಾನವಾಗಿ. 'ಕುಡುದ್ರಾ? ಎಂಗಿತ್ತು?'

'ಅಯ್ಯೋ, ಏನ್ ಕೇಳ್ತೀರಿ. ನಮ್ ಪಕ್ಕದ್ಮನೆಯೋಳು ಮಂಡಿ ನೋವು ಓಯ್ತು ಅಂತ ಕುಣೀತಾವ್ಳೆ. ನೀವೇ ಮಾಡಿದ್ರಾ?'

'ಮತ್ತಿನ್ಯಾರು ಮಾಡ್ತಾರೆ ಬೀಗ್ರೇ. ನಮ್ ಅತ್ತೆ ಯೋಳ್ಕೊಟ್ಟಿದ್ದು. ಏಳು ಥರ ಬೇರು ಹಾಕ್ಬೇಕು. ಸಾವನದುರ್ಗದ ಬೆಟ್ಟದಾಗೆ ಮಾತ್ರ ಸಿಗ್ತವೆ.'

ನಾನು ಫೋನನ್ನೇ ನೋಡಿದೆ. ಸುಳ್ಳಿನಲ್ಲಿ ನನ್ನನ್ನು ಮೀರಿಸುವವರು ಈ ಜಿಲ್ಲೆಯಲ್ಲಿ ಇದ್ದಾರೆ ಎಂದು ಅಲ್ಲಿಯವರೆಗೆ ನಾನು ಅಂದುಕೊಂಡಿರಲಿಲ್ಲ. ಅದೂ ನಮ್ಮ ಮನೆಯ ಬೀಗಿತ್ತಿ. ಅವರ ಕಾಲು ಮುಟ್ಟಿ ನಮಸ್ಕಾರ ಮಾಡಬೇಕು ಎನಿಸಿತು. ಕಂಬಳಿ ಅಲುಗಾಡುತ್ತಿತ್ತು. ಅಕ್ಕ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗಲಿಲ್ಲ.

'ಏಳು ಬೇರಂತೆ' ಎಂದು ಅಜ್ಜಿ ಚಾಪೆಯ ಕಡೆ ತಿರುಗಿ ಹೇಳಿದಳು. 'ನಾಮಕರಣಕ್ಕೆ ಬರುವಾಗ ಒಂದು ಕ್ಯಾನ್ ತಂದ್ಬುಡಿ ಬೀಗ್ರೇ. ಊರ್ನೋರಿಗೆಲ್ಲ ಒಂದೊಂದ್ ಲೋಟ ಕೊಡಾನ.'

'ಅದಕ್ಕೇನಂತೆ, ತತ್ತೀನಿ' ಎಂದರು ಬೀಗಿತ್ತಿ. ಈ ಸಲ ಧ್ವನಿಯಲ್ಲಿ ಒಸಿ ನಡುಕ ಇತ್ತು.

ಆಗ ಬಾಗಿಲಿನಲ್ಲಿ ಬೆಳಕು ಕಡಿಮೆಯಾಯಿತು.

ಅಮ್ಮ ನಿಂತಿದ್ದಳು. ತಲೆಗೆ ಕಟ್ಟಿದ ಬಟ್ಟೆಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಚೂರು. ಹುಳದ ಮನೆಯಿಂದ ಹಾಗೇ ಎದ್ದು ಬಂದಿದ್ದಳು. ಅಜ್ಜಿ ನಗುವ ಸದ್ದು ಕೇಳಿ, ಏನೋ ಅನಾಹುತವಾಗಿದೆ ಎಂದು ಓಡಿ ಬಂದೆ ಎಂದು ಆಮೇಲೆ ಅಪ್ಪನಿಗೆ ಹೇಳಿದಳಂತೆ.

'ಬಾ ಬಾ ಕಣಮ್ಮಿ' ಎಂದಳು ಅಜ್ಜಿ. ಸೊಸೆಯನ್ನು ಅವಳು ಹಾಗೆ ಕರೆದದ್ದೂ ಅದೇ ಮೊದಲು. 'ನೀನೂ ಒಂದ್ ಚಮ್ಚ ಕುಡಿ. ಬೀಗಿತ್ತಿ ಕಷಾಯ.'

ಅಮ್ಮ ಬಗ್ಗಿ ಜಾಡಿ ಎತ್ತಿಕೊಂಡಳು. ಮೂಗಿನ ಹತ್ತಿರ ತರಲೂ ಇಲ್ಲ, ಎದೆಯ ಮಟ್ಟಕ್ಕೆ ಬಂದಾಗಲೇ ನಿಂತಳು. ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಕಂಬಳಿಯನ್ನು. ಫೋನು ಎತ್ತಿಕೊಂಡು, 'ಬೀಗ್ರೇ, ಆಮೇಲೆ ಮಾತಾಡಾನ' ಎಂದು ಕಟ್ ಮಾಡಿದಳು.

'ಇದು ಬ್ರಾಂದಿ, ಅತ್ತೆ.'

ಸೋಬಾನೆ ನಿಂತಿತು. ಪಕ್ಕದಮನೆ ಅಜ್ಜಿ ಚಾಚಿದ್ದ ಕಾಲನ್ನು ಮೆಲ್ಲಗೆ ಮಡಚಿಕೊಂಡಳು.

'ಬ್ರಾಂದಿ ಬೀರುನಾಗೈತೆ' ಎಂದಳು ಅಜ್ಜಿ.

'ಬೀರುನಾಗಿದ್ದುದೇ ಇದು. ಕಾಫಿ ಬ್ಯಾರೆ ಆಕವ್ಳೆ.' ಯಾರು ಎಂದು ಅಮ್ಮ ಹೇಳಲಿಲ್ಲ. ಎಲ್ಲರೂ ನನ್ನನ್ನೇ ನೋಡಿದರು. ನನ್ನ ಹೆಸರು ಈ ಮನೆಯಲ್ಲಿ ಅಷ್ಟು ದೊಡ್ಡದು.

ಅಜ್ಜಿ ಚಮಚ ನೋಡಿದಳು, ಜಾಡಿ ನೋಡಿದಳು. ಅವಳ ಮುಖದಲ್ಲಿ ಲೆಕ್ಕ ನಿಧಾನವಾಗಿ ಕೂಡಿಕೊಳ್ಳುವುದು ಕಾಣುತ್ತಿತ್ತು. ಆಮೇಲೆ ಮಂಚದ ಕಡೆ ತಿರುಗಿದಳು.

'ಅಂಗಾದ್ರೆ ನೀನು ಕುಡೀಲೇ ಇಲ್ಲ.'

ಅಕ್ಕ ಕಂಬಳಿ ಸರಿಸಿ ಎದ್ದು ಕೂತಳು. 'ಇಲ್ಲ ಅಜ್ಜಿ. ಮಗೂಗೆ ಆಗಾಕಿಲ್ಲ ಅಂದ್ರು. ಒಂದ್ ದಿನಾನೂ ಕುಡೀಲಿಲ್ಲ.'

'ಅಂಗಾದ್ರೆ ಮಾತು ಮುರೀತು. ಪರೀಕ್ಷೆ ಇಲ್ಲ, ಗಿರೀಕ್ಷೆ ಇಲ್ಲ. ಐದು ತಿಂಗ್ಳು...'

'ಅತ್ತೆ' ಎಂದಳು ಅಮ್ಮ. ಧ್ವನಿ ಎತ್ತಲಿಲ್ಲ. 'ನೆನ್ನೆ ತಾನೇ ಅಕ್ಕೂರಿಂದ ಬಂದೋರಿಗೆ ಇವಳ ಗಲ್ಲ ಹಿಡ್ದು ತೋರ್ಸಿದ್ರಿ. ಮುಖ ತುಂಬ್ಕಂಡೈತೆ, ಸೊಂಟ ಕಲ್ಲಾಗೈತೆ ಅಂದ್ರಿ. ನಾನು ಕಿಟಕಿಯಾಗೆ ನಿಂತು ಕೇಳ್ತಿದ್ದೆ. ಕುಡೀದೇನೇ ಕಲ್ಲಾಗೈತಲ್ಲ.'

ಅಜ್ಜಿ ಬಾಯಿ ತೆರೆದಳು. ಉತ್ತರ ಬರುವ ಬದಲು ಒಂದು ಬಿಕ್ಕಳಿಕೆ ಬಂತು. ಅವಳೇ ಬೆಚ್ಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

'ಇವಳು ಪರೀಕ್ಷೆ ಬರೀತಾಳೆ' ಎಂದಳು ಅಮ್ಮ. 'ನಾನು ಯೋಳ್ತಾ ಇವ್ನಿ.'

ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅಮ್ಮ ಅಜ್ಜಿಯ ಮುಂದೆ ಅಂಥ ಮಾತು ಆಡಿದ್ದನ್ನು ಯಾರೂ ಕೇಳಿರಲಿಲ್ಲ. ಅಜ್ಜಿ ಮತ್ತೆ ಬಿಕ್ಕಳಿಸಿದಳು. 'ಕಿವಿಗೆ ಬಟ್ಟೆ ಕಟ್ಕಂಡೇ ಬರೀಬೇಕು' ಎಂದಳು, ಗೋಡೆಯ ಕಡೆ ಮುಖ ಮಾಡಿ.

ಅಕ್ಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಇಷ್ಟಕ್ಕೆಲ್ಲ ಕಾರಣ ನಾನೇ ಎಂದು ಯಾರಾದರೂ ನೆನೆಸಿಕೊಂಡು ಒಂದು ಒಳ್ಳೆಯ ಮಾತು ಆಡಿಯಾರು ಎಂದು ಕಾದೆ. ಅಮ್ಮ ಜಾಡಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನನ್ನ ಮುಂದೆ ಕೈ ಚಾಚಿದಳು.

'ನೀನು ಅಷ್ಟೂ ದಿನ ಪರೀಕ್ಷೆ ನಡೆಯೋ ಕಡೆ ಹೊರಗೆ ಮಗೂನ ಎತ್ಕಂಡು ಕೂತಿರ್ತೀಯ. ನಿನ್ ಫೋನ್ ತಾ ಇಲ್ಲಿ.'

ಕೊಟ್ಟೆ.